ಪರದೆಯಾಚೆಯ ಬಿಸಿ ಪಡ್ಡು

ಕೆಲವರಿಗೆ ಬಂಗಾರದ ಆಸೆ ಇರುತ್ತದೆ, ಕೆಲವರಿಗೆ ಸೀರೆಯದು. ನನಗಿರುವುದು ಬಿಸಿಯ ಆಸೆ. ಇದೆಂಥ ಆಸೆ ಎಂದು ನಗಬೇಡಿ. ಒಲೆಯ ಮುಂದೆ ನಿಂತು ವರ್ಷಗಟ್ಟಲೆ ರೊಟ್ಟಿ ಬಡಿದ ಯಾವ ಹೆಂಗಸನ್ನು ಬೇಕಾದರೂ ಕೇಳಿ ನೋಡಿ, ಬಿಸಿ ರೊಟ್ಟಿ ಎನ್ನುವುದು ಬಡಿದವರ ತಾಟಿಗೆ ಬೀಳುವ ಪದಾರ್ಥವಲ್ಲ ಎಂದು ಆಕೆಯೇ ಹೇಳುತ್ತಾಳೆ. ನಮ್ಮ ಯಜಮಾನರು ರೊಟ್ಟಿ ಬಡಿಯುವ ಸಪ್ಪಳ ಕೇಳಿದೊಡನೆ ತಾಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ. "ಆರಿದ ಮ್ಯಾಲೆ ರೊಟ್ಟಿಗೆ ಏನ ರುಚಿ ಇರ್ತದ ಹೇಳು?" ಎಂದು ಕೇಳುತ್ತಾರೆ. ಅವರು ಸರಿಯಾದ ವ್ಯಕ್ತಿಯನ್ನೇ ಕೇಳುತ್ತಾರೆ. ಆರಿದ ಮೇಲೆ ರೊಟ್ಟಿಗೆ ಏನು ರುಚಿ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಬಲ್ಲವಳು ನಾನೊಬ್ಬಳೇ.

ಹಾಗೆಂದು ನಾನೇನೂ ದೂರು ಹೇಳುತ್ತಿಲ್ಲ. ಅವರು ಒಳ್ಳೆಯವರು. ಒಮ್ಮೆ ನನಗೆ ಬೆನ್ನು ಹಿಡಿದಾಗ "ನೀ ಕುಂದರು, ಇವತ್ತ ನಾ ಮಾಡ್ತೀನಿ" ಎಂದು ತೋಳು ಏರಿಸಿ ಒಲೆಯ ಮುಂದೆ ನಿಂತಿದ್ದರು. ಅವರು ನನ್ನ ತಾಟಿಗೆ ಹಾಕಿದ ವಸ್ತು ಬಿಸಿಯಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಅದು ರೊಟ್ಟಿಯಾಗಿತ್ತೇ ಎಂಬ ವಿಷಯದಲ್ಲಿ ನಾನು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ಮನೆಯಲ್ಲಿ ಸಿಗದ ಈ ಬಿಸಿ ಹೊರಗಾದರೂ ಸಿಕ್ಕೀತು ಎಂಬ ಆಸೆ ನನಗೆ ಹುಟ್ಟಿದ್ದು ನೌಕರಿಯಿಂದ. ನಾನು ಕಲಘಟಗಿ ತಾಲೂಕಿನ ಒಂದು ಹಳ್ಳಿಯ ದನದ ದವಾಖಾನೆಯಲ್ಲಿ ಗುಮಾಸ್ತೆ. ಮನೆ ಇರುವುದು ಹುಬ್ಬಳ್ಳಿಯಲ್ಲಿ. ಬೆಳಗಿನ ಮೊದಲ ಬಸ್ಸು ಹಿಡಿದರೆ ಮಿಶ್ರಿಕೋಟಿ ದಾಟಿ ಹೊತ್ತಿಗೆ ಮುಂಚೆಯೇ ಊರು ಮುಟ್ಟುತ್ತೇನೆ. ಅದು ತಪ್ಪಿದರೆ ಮುಂದಿನದು ಯಾವಾಗ ಬರುತ್ತದೆಂದು ಅದರ ಡ್ರೈವರನಿಗೂ ಗೊತ್ತಿರುವುದಿಲ್ಲ. ಹಾಗಾಗಿ ಮಧ್ಯಾಹ್ನದ ಡಬ್ಬಿ ಕಟ್ಟಿಕೊಂಡು, ಖಾಲಿ ಹೊಟ್ಟೆಯಲ್ಲಿ ಮನೆ ಬಿಡುತ್ತೇನೆ. ದವಾಖಾನೆ ತೆರೆಯುವವರೆಗಿನ ಆ ಹೊತ್ತಿನಲ್ಲಿ ನಾಷ್ಟಾಕ್ಕೆ ಇರುವುದು ಒಂದೇ ಜಾಗ, ಬಸ್ಸು ನಿಲ್ಲುವ ಕಟ್ಟೆಯ ಬಾಜೂ ಇರುವ ಮಲ್ಲಪ್ಪಣ್ಣನ ಹೋಟೆಲ್ಲು.

ಹೋಟೆಲ್ಲು ಎಂದೊಡನೆ ದೊಡ್ಡದೇನನ್ನೋ ನೆನೆಸಿಕೊಳ್ಳಬೇಡಿ. ಬೋರ್ಡಿಲ್ಲ. ಮೇಲೆ ತಗಡು, ಕೆಳಗೆ ಸಗಣಿ ಸಾರಿಸಿದ ನೆಲ, ಒಳಗೆ ಕಾಲು ಅಲ್ಲಾಡುವ ಕೆಲವು ಟೇಬಲ್ಲು. ರಸ್ತೆಗೆ ಮುಖ ಮಾಡಿ ಒಂದು ಒಲೆ, ಒಲೆಯ ಮೇಲೆ ಪಡ್ಡಿನ ಹಂಚು, ಹಂಚಿನ ಹಿಂದೆ ಮಲ್ಲಪ್ಪಣ್ಣನ ಹೆಂಡತಿ ಶಾಂತವ್ವ. ಆಕೆ ಹಿಟ್ಟು ಹಾಕಿದಾಗ ಚುಂಯ್ ಎನ್ನುವ ಸದ್ದು ಬಸ್ಸಿನಿಂದ ಇಳಿಯುವವರಿಗೆ ಕೇಳಿಸುತ್ತದೆ. ಕಬ್ಬಿಣದ ಕಡ್ಡಿಯಿಂದ ಒಂದೊಂದನ್ನೇ ಚುಚ್ಚಿ ಮಗುಚುತ್ತಾಳೆ. ಹೊಟ್ಟೆ ಮೇಲಾಗಿ ಹೊರಳಿದ ಪಡ್ಡು ಕೆಂಪಗೆ, ಗರಿಗರಿಯಾಗಿ, ಉಳ್ಳಾಗಡ್ಡಿ ಮತ್ತು ಹಸಿಮೆಣಸಿನ ಚೂರುಗಳನ್ನು ಮೈಗೆ ಮೆತ್ತಿಕೊಂಡು ಹೊಗೆಯಾಡುತ್ತದೆ. ಒಲೆಯ ಬದಿಗೇ ಗೋಡೆಗುಂಟ ಒಂದು ಉದ್ದನೆಯ ಬೆಂಚು. ಅದರ ಮೇಲೆ ಕುಳಿತವರು ಎದ್ದು ಹೋಗಬೇಕಿಲ್ಲ, ಕರೆಯಬೇಕಿಲ್ಲ. ತಾಟು ಚಾಚಿದರೆ ಶಾಂತವ್ವನ ಕಡ್ಡಿಯಿಂದ ಪಡ್ಡು ನೇರವಾಗಿ ತಾಟಿಗೆ ಜಾರುತ್ತದೆ. ಈ ಭೂಮಿಯ ಮೇಲೆ ಅದಕ್ಕಿಂತ ಬಿಸಿಯಾದ ನಾಷ್ಟಾ ಇರಲಾರದು.

ಆದರೆ ಆ ಬೆಂಚು ಗಂಡಸರದು. ಹಾಗೆಂದು ಯಾರೂ ಬರೆದು ಹಾಕಿಲ್ಲ, ಬರೆದು ಹಾಕಿದ್ದರೆ ವಾದ ಮಾಡಬಹುದಿತ್ತು. ನಾನು ಮೊದಲ ದಿನ ಬಸ್ಸಿಳಿದು ಅಲ್ಲಿಗೆ ಹೋದಾಗ ಮಲ್ಲಪ್ಪಣ್ಣ ಓಡೋಡಿ ಬಂದು, "ಬರ್ರಿ ಅಕ್ಕಾರ, ಒಳಗ ಫ್ಯಾಮಿಲಿ ರೂಮ್ ಐತ್ರಿ" ಎಂದು ಹಿಂದಿನ ಮೂಲೆಗೆ ಕರೆದೊಯ್ದ. ಶಾಂತವ್ವನ ಹಳೆಯ ಸೀರೆಯೊಂದನ್ನು ಹಗ್ಗಕ್ಕೆ ಇಳಿಬಿಟ್ಟರೆ ಆ ಕಡೆಯದೆಲ್ಲ ಫ್ಯಾಮಿಲಿ ರೂಮು. ಅಲ್ಲಿ ಒಂದು ಟೇಬಲ್ಲು, ಎರಡು ಕುರ್ಚಿ, ಗ್ಯಾಸಿನ ಸಿಲಿಂಡರು, ಹಳೇ ಕ್ಯಾಲೆಂಡರು, ಮತ್ತು ಛಾವಣಿ ಮುಟ್ಟುವಂತೆ ಒಟ್ಟಿದ ಉಳ್ಳಾಗಡ್ಡಿ ಚೀಲಗಳು. ಹೊರಗಿನಿಂದ ಮಲ್ಲಪ್ಪಣ್ಣ "ಫ್ಯಾಮಿಲಿಗೆ ಒಂದ ಪ್ಲೇಟ!" ಎಂದು ಕೂಗುತ್ತಿದ್ದ. ಒಳಗೆ ಫ್ಯಾಮಿಲಿ ಎಂದರೆ ನಾನು ಮತ್ತು ಉಳ್ಳಾಗಡ್ಡಿ. ಕಣ್ಣಲ್ಲಿ ನೀರು ಬರುತ್ತಿದ್ದುದರಿಂದ ಫ್ಯಾಮಿಲಿ ಎನ್ನುವ ಮಾತಿಗೆ ಒಂದಿಷ್ಟು ಆಧಾರವೂ ಇತ್ತು.

ಒಲೆಯಿಂದ ಆ ಪರದೆಯವರೆಗೆ ನಡೆದರೆ ನಾಲ್ಕು ಹೆಜ್ಜೆ. ಮಲ್ಲಪ್ಪಣ್ಣನಿಗೆ ಮಾತ್ರ ಅದೊಂದು ಯಾತ್ರೆ. ನನ್ನ ತಾಟು ಕೈಯಲ್ಲಿ ಹಿಡಿದುಕೊಂಡೇ ಒಬ್ಬರಿಗೆ ನೀರು ಕೊಡುತ್ತಾನೆ, ಇನ್ನೊಬ್ಬರ ಮಗನ ಮದುವೆಯ ಸುದ್ದಿ ಕೇಳುತ್ತಾನೆ, ಮತ್ತೊಬ್ಬರಿಗೆ ಚಹಾ ತರಲು ತಾಟನ್ನು ಕಿಟಕಿಯಲ್ಲಿಟ್ಟು ಹಿಂದಿರುಗುತ್ತಾನೆ. ಪರದೆ ಸರಿಸಿ "ಬಿಸಿ ಬಿಸಿ ಅದಾವ್ರಿ ಅಕ್ಕಾರ" ಎಂದು ಇಡುವಾಗ ಆ ಪಡ್ಡಿಗೆ ಬಿಸಿಯ ನೆನಪು ಮಾತ್ರ ಉಳಿದಿರುತ್ತಿತ್ತು. ಮನೆಯಲ್ಲಿ ಆರಿದ ರೊಟ್ಟಿ, ಇಲ್ಲಿ ಆರಿದ ಪಡ್ಡು. ನನ್ನ ಜಾತಕದಲ್ಲಿ ಅಗ್ನಿಯ ಮನೆ ಖಾಲಿ ಇರಬೇಕೆಂದು ತಿಳಿದುಕೊಂಡು ತಿನ್ನುತ್ತಿದ್ದೆ.

ಒಮ್ಮೆ ಕಾಲೇಜಿನ ಹುಡುಗ ಹುಡುಗಿ ಪರದೆ ಸರಿಸಿಕೊಂಡು ಒಳಗೆ ಬಂದರು. ನನ್ನನ್ನು ಕಂಡು, ಕೆಟ್ಟು ನಿಂತ ಬಸ್ಸನ್ನು ಪ್ರಯಾಣಿಕರು ನೋಡುವ ಹಾಗೆ ನೋಡಿದರು. ಕುರ್ಚಿ ಇನ್ನೊಂದೇ ಇತ್ತು. ಹುಡುಗಿ ಕುಳಿತಳು, ಹುಡುಗ ಉಳ್ಳಾಗಡ್ಡಿ ಚೀಲಕ್ಕೆ ಒರಗಿದ. "ಆಂಟಿ, ಸಾವಕಾಶ ತಿನ್ರಿ, ನಮಗೇನ ಅವಸರ ಇಲ್ರಿ" ಎಂದು ಹುಡುಗಿ ಹೇಳಿದ ಧ್ವನಿಯಲ್ಲಿ ಅವಸರವಲ್ಲದೆ ಬೇರೇನೂ ಇರಲಿಲ್ಲ. ನಾನು ಪಾಪವೆಂದು ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿ, ಎಂದೋ ಮುಗಿದುಹೋದ ವರ್ಷದ ಏಕಾದಶಿಗಳನ್ನೆಲ್ಲ ಓದುತ್ತ, ಪಡ್ಡನ್ನು ಗುಳಿಗೆಯ ಹಾಗೆ ನುಂಗಿ ಎದ್ದು ಬಂದೆ. ಆರಿದ ಪಡ್ಡಿನಿಂದ ಇರುವ ಒಂದೇ ಅನುಕೂಲ, ಅವಸರಕ್ಕೆ ಒದಗುತ್ತದೆ.

ಅವತ್ತೇ ಧೈರ್ಯ ಮಾಡಿ ಕೇಳಿದೆ. "ಮಲ್ಲಪ್ಪಣ್ಣ, ನಾಳಿಂದ ನಾ ಇಲ್ಲೇ ಒಲಿ ಬಾಜೂ ಬೆಂಚಿನ ಮ್ಯಾಲೆ ಕುಂದರ್ತೀನ್ರಿ."

ತಗಡಿನ ಮೇಲೆ ಹತ್ತಿ ಕೂರುತ್ತೇನೆಂದು ನಾನು ಹೇಳಿದಂತೆ ಅವನು ಗಾಬರಿಯಾದ. "ಬ್ಯಾಡ್ರಿ ಅಕ್ಕಾರ! ಗಂಡಸೂರು ಕುಂತಿರ್ತಾರ್ರಿ. ಮಂದಿ ನನಗ ಅಂತಾರ್ರಿ, ದವಾಖಾನಿ ಅಕ್ಕಾರನ ರಸ್ತಾದಾಗ ಕುಂದರಿಸ್ಯಾನ ಅಂತ."

"ನಿಮ್ಮ ಮನಿಯವರು ದಿನಾ ರಸ್ತಾಕ್ಕ ಮಾರಿ ಮಾಡಿ ಕುಂತಿರ್ತಾರಲ್ರಿ?"

"ಆಕಿ ಮಾಡಾಕಿ ರೀ. ನೀವು ತಿನ್ನಾಕಿ."

ಶಾಂತವ್ವ ಹಂಚಿನಿಂದ ತಲೆ ಎತ್ತಲಿಲ್ಲ. "ಹೌದ್ರಿ ಅಕ್ಕಾರ," ಎಂದಳು, "ಮಾಡಾಕಿನ್ನ ಯಾರೂ ನೋಡಂಗಿಲ್ಲ. ತಿನ್ನಾಕಿನ್ನ ಎಲ್ಲಾರೂ ನೋಡ್ತಾರ."

ದುಡ್ಡು ಕೊಟ್ಟು ದವಾಖಾನೆಗೆ ನಡೆದೆ. ಮರುದಿನ ತಲೆ ತಗ್ಗಿಸಿಕೊಂಡು ಮತ್ತೆ ಫ್ಯಾಮಿಲಿಯ ಕಡೆ ಹೋದೆ. ಮುಂದೆ ಬಹಳ ಕಾಲ ಅಲ್ಲೇ ಸಂಸಾರ ಮಾಡಿಕೊಂಡಿದ್ದೆ.

ನನ್ನ ಬಿಡುಗಡೆ ಆದದ್ದು ದೀಪಾವಳಿ ಕಳೆದು ಚಳಿ ಬಿದ್ದ ಒಂದು ಬೆಳಿಗ್ಗೆ. ಪರದೆಯ ಒಳಗೆ ಕೈ ಉಜ್ಜಿಕೊಳ್ಳುತ್ತ ಕುಳಿತಿದ್ದೆ. ಹೊರಗೆ ಟೆಂಪೋ ನಿಂತ ಸದ್ದು, ಬಳೆಗಳ ಸದ್ದು, ಒಂದು ಕೂಸಿನ ಅಳು. ಮಲ್ಲಪ್ಪಣ್ಣ ಪರದೆಯ ಒಳಗೆ ಬರೀ ತಲೆ ಹಾಕಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಒಂದೀಟ ಹೊರಗ ಕುಂದರ್ತೀರೇನು? ಫ್ಯಾಮಿಲಿ ಬಂದೈತ್ರಿ. ಶಲವಡಿಯಿಂದ ಹೆಣ್ಣ ನೋಡಾಕ ಹೊಂಟಾರ."

"ಮತ್ತ ನಾ ಯಾರ್ರಿ?"

"ನೀವು... ಒಬ್ಬರ ಅದೀರಲ್ರಿ."

"ಹಂಗಾರ ಇಷ್ಟ ದಿವಸ ನನ್ನ ಒಳಗ ಯಾಕ ಕುಂದರಿಸಿದ್ರಿ?"

ಮಲ್ಲಪ್ಪಣ್ಣ ಕೈಯಲ್ಲಿದ್ದ ಚಹಾ ಸೋಸುವ ಜಾಳಿಗೆಯಿಂದಲೇ ತಲೆ ಕೆರೆದುಕೊಂಡ. ಅಷ್ಟರಲ್ಲಿ ಅವನ ಹಿಂದಿನಿಂದ ರೇಷ್ಮೆ ಸೀರೆಯ ಹೆಂಗಸರು ನುಗ್ಗಿದರು. ಅವರಲ್ಲಿ ಹಿರಿಯರೊಬ್ಬರು ಮೂಗಿಗೆ ಸೆರಗು ಒತ್ತಿಕೊಂಡು, "ಅಯ್ಯ, ಉಳ್ಳಾಗಡ್ಡಿ ವಾಸನಿ! ಹೆಣ್ಣಿನ ಮನಿಯವರು ಏನ ತಿಳಕೋತಾರವ್ವಾ?" ಎಂದರು. ಬಳಿಕ ನನ್ನನ್ನು ಕಂಡು, "ನೀವ್ಯಾಕ ಏಳ್ತೀರಿ, ಕುಂದರ್ರಿ, ಎಲ್ಲಾರೂ ಕೂಡೇ ತಿನ್ನೂಣು" ಎಂದು ಬಾಯಿತುಂಬ ಕರೆದರು. ಕರೆಯುತ್ತಲೇ ನನ್ನ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದರು.

ಬಗಲಲ್ಲಿ ಡಬ್ಬಿಯ ಪಿಶವಿ, ಕೈಯಲ್ಲಿ ಟೇಬಲ್ಲಿನ ಮೇಲಿದ್ದ ಖಾಲಿ ತಾಟು ಹಿಡಿದುಕೊಂಡು ಹೊರಗೆ ಬಂದೆ. ಟೇಬಲ್ಲುಗಳನ್ನೆಲ್ಲ ಅದೇ ಟೆಂಪೋದಲ್ಲಿ ಬಂದ ಗಂಡಸರು ತುಂಬಿಕೊಂಡಿದ್ದರು. ಉಳಿದದ್ದು ಒಲೆಯ ಬಾಜಿನ ಬೆಂಚು. ನಾನು ಅದರ ಕಡೆ ಹೆಜ್ಜೆ ಹಾಕಿದ್ದೇ ತಡ, ಬೆಂಚಿನ ಮೇಲಿದ್ದವರೆಲ್ಲ ಸಾಲೆಗೆ ಸಾಹೇಬರು ಬಂದ ಹಾಗೆ ತಾಟು ಸಮೇತ ಎದ್ದು ನಿಂತರು. ಒಬ್ಬ ಬೀಡಿ ಒಗೆದ. ಇನ್ನೊಬ್ಬ ತಲೆಯ ಟಾವೆಲ್ಲು ಸರಿಮಾಡಿಕೊಂಡ. ಅವರು ಮಾಡಿದ್ದು ಮರ್ಯಾದೆಯೇ, ಇಲ್ಲವೆನ್ನುವುದಿಲ್ಲ. ಆದರೆ ಅಷ್ಟು ಮರ್ಯಾದೆಯ ನಡುವೆ ಬಾಯಿ ತೆರೆದು ತಿನ್ನುವುದು ಹೇಗೆ? ಕೋರ್ಟಿನ ಕಟಕಟೆಯಲ್ಲಿ ನಿಲ್ಲುವಷ್ಟೇ ಜಾಗ ಕೊಡುತ್ತಾರೆ, ನನಗೆ ಇಡೀ ಬೆಂಚು ಕೊಟ್ಟಿದ್ದರು. ಏಳದೆ ಉಳಿದವರೆಂದರೆ ಒಲೆಯ ತುದಿಗೆ ಕುಳಿತಿದ್ದ ಬಸಣ್ಣ ಕಾಕಾ ಒಬ್ಬರೇ. ಊರಿನ ಹಿರಿಯರು, ಆ ಬೆಂಚಿನ ಹಿರಿಯರೂ ಅವರೇ. ಏಳದ್ದಕ್ಕೆ ಕಾರಣ ಅವರ ಮೊಣಕಾಲು. ಏಳಲಾಗದ ತಪ್ಪಿಗೆ ಅವರು ಮುಖವನ್ನಾದರೂ ರಸ್ತೆಯ ಕಡೆ ತಿರುಗಿಸಿಕೊಂಡರು.

ಅವರ ಪಕ್ಕಕ್ಕೆ ಕುಳಿತೆ. ಎದ್ದು ಹೋಗಿಬಿಡಲೇ ಎನ್ನಿಸಿತು. ಆಗ ಶಾಂತವ್ವ, "ತಾಟ ಹಿಡೀರಿ ಅಕ್ಕಾರ" ಎಂದಳು. ಹಿಡಿದೆ. ಕಡ್ಡಿಯ ತುದಿಯಿಂದ ಪಡ್ಡು ಜಾರಿ ಬಿತ್ತು. ಒಂದು, ಮತ್ತೊಂದು, ಮಗದೊಂದು. ಹಬೆ ನನ್ನ ಕನ್ನಡಕವನ್ನು ಮುಚ್ಚಿತು. ಎಲ್ಲರೂ ಎಲ್ಲೆಲ್ಲೋ ನೋಡುತ್ತ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷಗಳ ಆಸೆ ತಾಟಿನಲ್ಲಿ ಹೊಗೆಯಾಡುತ್ತಿರುವಾಗ ಮುರಿದು, ಊದಿ, ಚಟ್ನಿಗೆ ಅದ್ದಿ ತಿನ್ನುವ ತಾಳ್ಮೆ ಯಾರಿಗಿದ್ದೀತು? ಇಡೀ ಪಡ್ಡನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡೆ.

ಪಡ್ಡಿನ ಹೊರಗಿನ ಬಿಸಿ ಏನೂ ಅಲ್ಲ, ಅದು ಬರೀ ಪೀಠಿಕೆ. ಹಲ್ಲು ತಾಕಿ ಹೊಟ್ಟೆ ಒಡೆದಾಗ ಒಳಗಿನಿಂದ ಬರುತ್ತದಲ್ಲ, ಅದು ಕೆಂಡ. ನಾಲಿಗೆ ಚುರುಗುಟ್ಟಿತು. ಎಡ ದವಡೆಗೆ ದೂಡಿದೆ, ಬಲ ದವಡೆಗೆ ದೂಡಿದೆ, ಎರಡೂ ಕಡೆ ಬೇಡವೆಂದವು. ಉಗುಳಬಹುದಿತ್ತು. ಆದರೆ ಆ ಬೆಂಚಿನ ಮೇಲೆ ಮೊದಲ ಸಲ ಕುಳಿತ ಹೆಂಗಸು ಮೊದಲ ತುತ್ತನ್ನೇ ಉಗುಳಿದಳೆಂದರೆ, ಆ ಸೀರೆಯ ಪರದೆ ಇನ್ನು ಹರಿಯುವ ಮಾತಿಲ್ಲ. ನಮ್ಮ ಮೊಮ್ಮಕ್ಕಳೂ ಉಳ್ಳಾಗಡ್ಡಿ ಚೀಲದ ಪಕ್ಕದಲ್ಲಿಯೇ ಕೂರಬೇಕಾಗುತ್ತಿತ್ತು. ತುಟಿ ಬಿಗಿಹಿಡಿದೆ. ಕಣ್ಣಿನಿಂದ ನೀರು ದಳದಳ ಇಳಿಯಿತು.

ಬಸಣ್ಣ ಕಾಕಾ ರಸ್ತೆಯಿಂದ ಮುಖ ತಿರುಗಿಸಿದರು. "ಖಾರ ಹತ್ತಿತೇನ್ರಿ ಬಾಯಾರ?"

ಇಲ್ಲವೆಂದು ತಲೆಯಾಡಿಸಿದೆ. ನುಂಗಿದೆ. ಅದು ಇಳಿಯುತ್ತ ಎಲ್ಲೆಲ್ಲಿ ಮುಟ್ಟಿದೆ ಎಂದು ಒಂದೊಂದು ನಿಲ್ದಾಣದಲ್ಲೂ ತಿಳಿಸುತ್ತ ಹೋಯಿತು. ಎಲ್ಲರೂ ನಾನು ಮಾತಾಡಲೆಂದು ಕಾಯುತ್ತಿದ್ದರು. ಏನು ಮಾತಾಡಲಿ? ಅಲ್ಲಿ ನಿಂತಿದ್ದವರ ಹೆಸರೂ ನನಗೆ ಸರಿಯಾಗಿ ಬಾರದು. ದನದ ದವಾಖಾನೆಯಲ್ಲಿ ಚೀಟಿ ಬರೆಯುವವರಿಗೆ ಮನುಷ್ಯರ ಗುರುತು ಹತ್ತುವುದು ದನಗಳ ಮೇಲಿಂದ. ಇವರು ಒದೆಯುವ ಆಕಳಿನವರು, ಅವರು ಹೊಟ್ಟೆ ಉಬ್ಬಿದ ಎತ್ತಿನವರು, ಹೀಗೆ. ದನಿ ಮರಳಿದ ಕೂಡಲೇ ಬಾಯಿಗೆ ಬಂದದ್ದು ಅದೇ.

"ಕಾಕಾ, ನಿಮ್ಮ ಎಮ್ಮಿ ಈಗ ಮೇವು ತಿಂತೈತೇನ್ರಿ?"

ಕಾಕಾನ ಮುಖ ಅರಳಿತು. "ತಿಂತೈತ್ರಿ! ಅಗದಿ ಛಲೋ ತಿಂತೈತಿ. ನಿಮಗ ಅದರ ನೆನಪೈತೇನು?"

"ನೆನಪಿಲ್ದ ಏನ್ರಿ? ಅವತ್ತ ದವಾಖಾನ್ಯಾಗ ಮೇವು ಒಲ್ಲೆ ಅಂದು ನನ್ನ ಸೆರಗ ತಿಂದಿತ್ತಲ್ರಿ."

ನಿಂತವರಲ್ಲಿ ಒಬ್ಬ ಫಕ್ಕನೆ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. "ಕಾಕಾ, ಅಕ್ಕಾರಿಗೆ ಒಂದ ಸೀರಿ ಕೊಡಸ್ರಿ ಮತ್ತ!" ಎಂದು ಯಾರೋ ಕೆಣಕಿದರು. "ಎಮ್ಮಿ ದುಡದ ಕೊಡಸ್ತೈತಿ, ನೀ ಸುಮ್ಮನ ನಿಂದ್ರಲೇ" ಎಂದು ಕಾಕಾ ಗದರಿದರು. ನಗು ಬಂದ ಮೇಲೆ ನಿಲ್ಲುವುದು ಕಷ್ಟ. ನಕ್ಕವನೇ ಮೊದಲು ಬೆಂಚಿನ ಆ ತುದಿಗೆ ಕುಳಿತ. "ಅಕ್ಕಾರ, ನಮ್ಮ ಆಕಳಾ ನಿನ್ನೆಯಿಂದ ಸಗಣಿ ತೆಳ್ಳಗ ಹಾಕಾಕ ಹತ್ತೈತ್ರಿ" ಎಂದು ಸುರು ಮಾಡಿದ. "ಬಣ್ಣ ಹ್ಯಾಂಗೈತ್ರಿ?" ಎಂದೆ. ಅವನು ಬಣ್ಣ ಹೇಳಿದ. ಬಾಜಿನವನು ವಾಸನೆಯನ್ನೂ ಸೇರಿಸಿದ. ಬೇರೆ ಯಾರಾದರೂ ಆಗಿದ್ದರೆ ತಾಟು ಅಲ್ಲೇ ಬಿಟ್ಟು ಏಳುತ್ತಿದ್ದರು. ನನ್ನ ಸರ್ವಿಸು ಎಂಥದ್ದೆಂದರೆ, ಆ ವರ್ಣನೆಯ ನಡುವೆಯೇ ಎರಡನೆಯ ಪಡ್ಡನ್ನು ಮುರಿದು, ಪುಠಾಣಿ ಚಟ್ನಿಗೆ ಒತ್ತಿ, ನೆಮ್ಮದಿಯಿಂದ ತಿಂದೆ.

ಆದರೆ ಒಂದು ದಿನದ್ದು ಆಕಸ್ಮಿಕ, ಅದನ್ನು ಗೆಲುವೆಂದು ಹೇಳಲಾಗದು. ಮರುದಿನ ಬಸ್ಸಿಳಿದಾಗ ಮಲ್ಲಪ್ಪಣ್ಣ ಪರದೆ ಸರಿಸಿ ಹಿಡಿದುಕೊಂಡೇ ನಿಂತಿದ್ದ. "ಬರ್ರಿ ಅಕ್ಕಾರ, ಇವತ್ತ ಒಳಗ ಖಾಲಿ ಐತ್ರಿ."

"ಬ್ಯಾಡ್ರಿ. ಫ್ಯಾಮಿಲಿ ಬಂದ್ರ ಮತ್ತ ಏಳಬೇಕಾಗ್ತೈತಿ. ಎದ್ದು ಬರೂದಕಿಂತ ಮೊದಲ ಹೊರಗ ಕುಂದ್ರೂದು ಛಲೋ ಅಲ್ಲೇನ್ರಿ?"

"ಮಂದಿ ಎದ್ದ ನಿಂತ ತಿಂತಾರ್ರಿ. ಗಿರಾಕಿಗೆ ತ್ರಾಸ ಆಗ್ತೈತ್ರಿ."

"ನಾನೂ ಗಿರಾಕಿನ ಅಲ್ರಿ?"

ಅವನು ಶಾಂತವ್ವನ ಮುಖ ನೋಡಿದ. ಶಾಂತವ್ವ ಪಡ್ಡು ಮಗುಚುತ್ತ, "ಕುಂದರ್ಲಿ ಬಿಡ್ರಿ. ಅಷ್ಟ ದೂರ ತಾಟ ಒಯ್ಯೂದು ನಿಮಗೂ ತಪ್ಪತೈತಿ" ಎಂದಳು. ಮಲ್ಲಪ್ಪಣ್ಣ ಪರದೆ ಬಿಟ್ಟ.

ಗಂಡಸರು ಅವತ್ತೂ ಎದ್ದು ನಿಂತರು. ನಾನೂ ಹಟ ಬಿಡದೆ ದಿನಾ ಹೋಗಿ ಕುಳಿತೆ. ಮೊದಮೊದಲು ಪೂರ್ತಿ ಏಳುತ್ತಿದ್ದರು; ಬರಬರುತ್ತ ಅರ್ಧ ಎದ್ದು ಕೂರತೊಡಗಿದರು; ಆಮೇಲೆ ಕುಳಿತಲ್ಲೇ ಒಂದಿಷ್ಟು ಮಿಸುಕಿ ಎದ್ದಂತೆ ತೋರಿಸತೊಡಗಿದರು; ಕಡೆಗೆ ಅದು ಹುಬ್ಬು ಏರಿಸುವುದಕ್ಕೆ ಬಂದು ನಿಂತಿತು. ಅವರ ಮರ್ಯಾದೆ ಹೀಗೆ ಇಳಿಯುತ್ತ ಬಂದಂತೆ ನನ್ನ ಸಂತೋಷ ಏರುತ್ತ ಹೋಯಿತು. ಅದೇ ಸಂತೋಷದಲ್ಲಿ ಇರುವಾಗ, ಒಂದು ಸಂತೆಯ ದಿನ ಬೆಂಚು ಕಿಕ್ಕಿರಿದಿದ್ದಾಗ, ಬಸಣ್ಣ ಕಾಕಾ ಕೋಲು ಊರುತ್ತ ತಡವಾಗಿ ಬಂದರು. ನನ್ನ ಮುಂದೆ ನಿಂತು ಕಣ್ಣು ಕಿಸಿದು ಹೇಳಿದರು:

"ಏ ತಂಗಿ, ಅತ್ತ ಸರಕೋ ಬೇ! ಪಿಶವಿ ಬೆಂಚಿನ ಮ್ಯಾಲ ಇಟ್ಟು ಒಬ್ಬಾಕಿನ ಇಬ್ಬರ ಜಾಗಾ ಹಿಡದಿ. ತೊಡಿ ಮ್ಯಾಲ ಇಟಗೋ ಅದನ್ನ."

ಬಾಯಾರ ಇಲ್ಲ, ಅಕ್ಕಾರ ಇಲ್ಲ, ರೀ ಇಲ್ಲ! ನನ್ನ ಕಿವಿಗೆ ಅದು ಸನ್ಮಾನದ ಭಾಷಣದ ಹಾಗೆ ಕೇಳಿಸಿತು. ಪಿಶವಿಯನ್ನು ತೊಡೆಯ ಮೇಲಿಟ್ಟುಕೊಂಡು ಸರಿದೆ. ಕಾಕಾ ಮೊಣಕೈಯಿಂದ ಇನ್ನಷ್ಟು ದೂಡಿ ಕುಳಿತರು. ಆ ಮೊಣಕೈ ತಾಕಿದ ಜಾಗದಲ್ಲಿ ಶಾಲು ಹೊದಿಸಿದಷ್ಟು ಬೆಚ್ಚಗಾಯಿತು. ಸಂಜೆ ಮನೆಗೆ ಹೋಗಿ ಯಜಮಾನರಿಗೆ ಹೇಳಿದರೆ ಅವರಿಗೆ ಸಿಟ್ಟು ಬಂತು. "ಮಂದ್ಯಾಗ ಹಂಗ ಅಂದ್ರೇನು ಅವರು? ನೀ ಸುಮ್ಮನ ಕುಂತ್ಯಾ?"

"ಇಲ್ರಿ, ಸರಕೊಂಡ ಕುಂತೆ" ಎಂದೆ.

ಈಗ ಆ ಬೆಂಚಿನ ಮೇಲೆ ನಾನೊಬ್ಬಳೇ ಇಲ್ಲ. ಅಂಗನವಾಡಿ ನಡೆಸುವ ಬಾಯಿ ಬರುತ್ತಾಳೆ, ಕಳೆ ತೆಗೆಯಲು ಹೋಗುವ ಹೆಂಗಸರು ಬುತ್ತಿ ಗಂಟು ಕಾಲ ಬಳಿ ಇಟ್ಟುಕೊಂಡು ಕುಳಿತು ಚಹಾ ಕುಡಿಯುತ್ತಾರೆ. ಯಾರೂ ಏಳುವುದಿಲ್ಲ, ಯಾರೂ ರಸ್ತೆಯ ಕಡೆ ಮುಖ ತಿರುಗಿಸುವುದಿಲ್ಲ. ಜಾಗಕ್ಕೆ ಜಗಳ ಮಾತ್ರ ದಿನಾ ಇರುತ್ತದೆ. ಮಲ್ಲಪ್ಪಣ್ಣನಂತೂ "ಹೆಣ್ಣಮಕ್ಕಳು ಬೆಂಚಿನ ಮ್ಯಾಲೆ ಕುಂದ್ರೂ ಹೋಟೆಲ್ ಈ ಭಾಗದಾಗ ನಮ್ಮದ ಒಂದ ನೋಡ್ರಿ" ಎಂದು, ಅದು ತನ್ನದೇ ವಿಚಾರವಾಗಿತ್ತು ಎಂಬಂತೆ ಹೊರಗಿನವರಿಗೆ ಹೇಳುತ್ತಾನೆ. ಹೇಳಿಕೊಳ್ಳಲಿ. ಪಡ್ಡು ಬಿಸಿ ಇದ್ದರೆ ಸಾಕು.

ಇಷ್ಟೆಲ್ಲ ಬರೆದ ಮೇಲೆ ನಿಮ್ಮ ಮುಂದೆ ಒಂದು ಮಾತು ಒಪ್ಪಿಕೊಳ್ಳಲೇಬೇಕು. ನನಗೆ ಬಿಸಿ ತಡೆಯುವುದಿಲ್ಲ. ಮೊದಲ ದಿನ ಸುಟ್ಟ ನಾಲಿಗೆಗೆ ಸಂಜೆಯವರೆಗೆ ಮಧ್ಯಾಹ್ನದ ಡಬ್ಬಿಯ ಪಲ್ಯ ಯಾವುದೆಂದು ಗೊತ್ತಾಗಿರಲಿಲ್ಲ. ಆಮೇಲೂ ನೋಡಿದೆ, ಒಂದು ಜನ್ಮವೆಲ್ಲ ಆರಿದ್ದನ್ನೇ ತಿಂದ ಬಾಯಿ ಇದು, ಕೆಂಡಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಈಗ ನಾನು ಒಲೆಯ ಪಕ್ಕದ ಆ ಜಾಗದಲ್ಲಿ ಕುಳಿತು, ಶಾಂತವ್ವನ ಕಡ್ಡಿಯಿಂದ ಜಾರಿದ ಪಡ್ಡನ್ನು ತಾಟಿನಲ್ಲಿ ಹಿಡಿದು, ಮುರಿದು, ಹಬೆ ಹೋಗಲು ಬಿಟ್ಟು, ಉಫ್ ಉಫ್ ಎಂದು ಊದುತ್ತ ಕಾಯುತ್ತೇನೆ. ಮೊನ್ನೆ ಶಾಂತವ್ವನಿಗೆ ತಡೆಯಲಾಗಲಿಲ್ಲ.

"ಅಕ್ಕಾರ, ಏನ ಮಾಡಾಕ ಹತ್ತೀರಿ? ಆರಿ ತಣ್ಣಗ ಆದ್ವು, ತಿನ್ರಿ!"

"ಆಕಿಗೆ ಬ್ಯಾಡ ಕಾಣತೈತಿ, ಇತ್ತ ತಾ" ಎಂದು ಬಸಣ್ಣ ಕಾಕಾ ನನ್ನ ತಾಟಿಗೆ ಕೈ ಚಾಚಿದರು.

ನಾನು ತಾಟನ್ನು ಎದೆಗೆ ಎಳೆದುಕೊಂಡೆ.

"ಆರ್ಲಿ ಬಿಡ್ರಿ ಕಾಕಾ. ನನ್ನ ಕಣ್ಣ ಮುಂದ ಆರ್ಲಿ."